ಗ್ಯಾರಂಟಿ ಬಂದ ಮೇಲೆ ತೋಟಕ್ಕೆ ಆಳು ಸಿಗುತ್ತಿಲ್ಲ, ನಿಜವೇ?

ಪ್ರಶ್ನೆ: ಕಾರ್ಕಳ ತಾಲೂಕಿನಲ್ಲಿ ನಮಗೆ ಮೂರು ಎಕರೆ ಅಡಿಕೆ ತೋಟ ಇದೆ. ಮೊದಲು ಹೇಳಿದ ದಿನ ಕೆಲಸಕ್ಕೆ ಬರುತ್ತಿದ್ದವರು ಈಗ ಬರುವುದಿಲ್ಲ, ಫೋನೂ ತೆಗೆಯುವುದಿಲ್ಲ. ಅಕ್ಕಿ ಪುಕ್ಕಟೆ, ಕರೆಂಟು ಪುಕ್ಕಟೆ, ತಿಂಗಳಿಗೆ 2,000 ರೂಪಾಯಿ ಖಾತೆಗೆ. ಇಷ್ಟೆಲ್ಲ ಮನೆಗೇ ಬಂದರೆ ಬೆವರು ಸುರಿಸುವವರು ಯಾರು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಥಶಾಸ್ತ್ರ ಇದಕ್ಕೆ ಏನನ್ನುತ್ತದೆ? ಇನ್ನೊಂದು ವಿಷಯ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಸಂಬಳ ಬ್ಯಾಂಕಿಗೆ ಹಾಕಬೇಡಿ, ಕೈಯಲ್ಲೇ ಕೊಡಿ ಎನ್ನುತ್ತಾರೆ. ಇದಕ್ಕೂ ಸರಕಾರದ ಸವಲತ್ತಿಗೂ ಸಂಬಂಧ ಇದೆಯೇ?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಳಿನ ವಿಚಾರ.

ನಿಮ್ಮ ಕಷ್ಟ ನಿಜವಾದದ್ದೇ. ಮಳೆಗಾಲದಲ್ಲಿ ಮದ್ದು ಬಿಡುವವರು ಸಿಗದೆ, ಕೊಳೆರೋಗಕ್ಕೆ ಫಸಲು ಬಿಟ್ಟುಕೊಟ್ಟು ಕೂತವರು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಇದ್ದಾರೆ. ಬೋರ್ಡೋ ದ್ರಾವಣ ಸರಿಯಾದ ಹೊತ್ತಿಗೆ ಬೀಳದಿದ್ದರೆ ವರ್ಷದ ದುಡಿಮೆಯೇ ಮರದ ಬುಡದಲ್ಲಿ ಉದುರಿ ಬೀಳುತ್ತದೆ. ಅಂಥ ಸಮಯದಲ್ಲಿ ಆಳು ಫೋನು ತೆಗೆಯದಿದ್ದರೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ತಿರುಗಬೇಕಾದ್ದು ಗ್ಯಾರಂಟಿಯ ಕಡೆಗೇನಾ? ಲೆಕ್ಕ ಹಾಕಿ ನೋಡೋಣ.

ನಾಲ್ಕು ಜನರ ಒಂದು ಬಿಪಿಎಲ್ ಮನೆ ಇಟ್ಟುಕೊಳ್ಳಿ. 2023ರಲ್ಲಿ ಆ ಮನೆಗೆ ಹೊಸದಾಗಿ ಬಂದದ್ದೇನು? ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ. ಅನ್ನಭಾಗ್ಯದಲ್ಲಿ ತಲೆಗೆ ಐದು ಕಿಲೋ ಹೆಚ್ಚುವರಿ ಅಕ್ಕಿ. ಆ ಅಕ್ಕಿ ಹೊಂದಿಸಲು ಆಗದೆ ಸರಕಾರ ಮೊದಮೊದಲು ಕಿಲೋಗೆ 34 ರೂಪಾಯಿಯಂತೆ ದುಡ್ಡೇ ಕೊಟ್ಟಿತು. ಅಂದರೆ ತಲೆಗೆ 170, ನಾಲ್ವರಿಗೆ 680. ಗೃಹಜ್ಯೋತಿಯಲ್ಲಿ ಕರೆಂಟು ಬಿಲ್ಲಿನ ಕೆಲವು ನೂರು ರೂಪಾಯಿ ಉಳಿತಾಯ. ಎಲ್ಲ ಕೂಡಿದರೆ ತಿಂಗಳಿಗೆ ಮೂರು, ಮೂರೂವರೆ ಸಾವಿರ. ಈಗ ನೀವು ಗಂಡಾಳಿಗೆ ದಿನಕ್ಕೆ ಎಷ್ಟು ಮಜೂರಿ ಕೊಡುತ್ತೀರಿ ಎಂದು ಯೋಚಿಸಿ. ನಮ್ಮ ಕಡೆಯ ದರಕ್ಕೆ ಇದು ನಾಲ್ಕೈದು ದಿನದ ದುಡಿಮೆ. ತಿಂಗಳ ಉಳಿದ ದಿನ ಮನೆ ನಡೆಯುವುದು ಹೇಗೆ? ಮಕ್ಕಳ ಫೀಸು, ಸಂಘದ ಸಾಲದ ವಾರದ ಕಂತು, ಮೀನು, ಗ್ಯಾಸು, ಮದ್ದು ಎಲ್ಲ ಎಲ್ಲಿಂದ? ಅದಲ್ಲದೆ ಗೃಹಲಕ್ಷ್ಮಿಯ ದುಡ್ಡು ಹೋಗುವುದು ಹೆಂಡತಿಯ ಖಾತೆಗೆ. ನಿಮ್ಮ ಮರ ಹತ್ತಬೇಕಾದವನು ಗಂಡ.

ಅಕ್ಕಿಯ ವಿಚಾರದಲ್ಲಿ ನಮ್ಮ ಊರಿನದ್ದೇ ಒಂದು ಸಂಗತಿ ಇದೆ. ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಇದು ಕಾಣುವುದಿಲ್ಲ. ಇಲ್ಲಿ ಗಂಜಿಗೂ ಊಟಕ್ಕೂ ಬೇಕಾದದ್ದು ಕುಚ್ಚಲಕ್ಕಿ. ಸೊಸೈಟಿಯ ರೇಷನ್ನಿನಲ್ಲಿ ಸಾಮಾನ್ಯವಾಗಿ ಸಿಗುವುದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಅದು ದೋಸೆಗೆ, ಇಡ್ಲಿಗೆ, ಬೆಳಗಿನ ತಿಂಡಿಗೆ ಆಗುತ್ತದೆ. ದಿನದ ಎರಡು ಹೊತ್ತಿನ ಅನ್ನಕ್ಕೆ ಜನ ಈಗಲೂ ಅಂಗಡಿಯಿಂದ ಕುಚ್ಚಲಕ್ಕಿ ತರುತ್ತಾರೆ. ಸೊಸೈಟಿಯಲ್ಲಿ ಕುಚ್ಚಲಕ್ಕಿಯನ್ನೇ ಕೊಡಿ ಎಂದು ಕರಾವಳಿಯವರು ಕೇಳುತ್ತಲೇ ಬಂದದ್ದು ಸುಮ್ನೆ ಅಲ್ಲ. ಹಾಗಾಗಿ ಪುಕ್ಕಟೆ ಅಕ್ಕಿಯಿಂದ ಇಲ್ಲಿಯ ಮನೆಗಳ ಅಕ್ಕಿ ಖರ್ಚು ಕಡಿಮೆಯಾಗಿದೆ, ನಿಂತಿಲ್ಲ.

ಸರಿ, ಅರ್ಥಶಾಸ್ತ್ರ ಏನನ್ನುತ್ತದೆ? ಅರ್ಥಶಾಸ್ತ್ರದವರು ಇದನ್ನು ಎರಡು ಭಾಗ ಮಾಡಿ ನೋಡುತ್ತಾರೆ. ಒಂದು, ಕೈಗೆ ದುಡ್ಡು ಬಂದಾಗ ಸ್ವಲ್ಪ ವಿಶ್ರಾಂತಿಯನ್ನೂ ಕೊಂಡುಕೊಳ್ಳಬಹುದು ಅನ್ನಿಸುವುದು. ಇದು ಆದಾಯದ ಪರಿಣಾಮ. ಇನ್ನೊಂದು, ಒಂದು ರೂಪಾಯಿ ಜಾಸ್ತಿ ದುಡಿದರೆ ಅದರಲ್ಲಿ ನನಗೆ ಉಳಿಯುವುದೆಷ್ಟು ಎನ್ನುವ ಲೆಕ್ಕ. ಇದು ಬದಲಿ ಪರಿಣಾಮ. ಮೊದಲನೆಯದು ನಿಜ, ಆದರೆ ಸಣ್ಣ ಮೊತ್ತಕ್ಕೆ ಬಹಳ ದುರ್ಬಲ. ತಿಂಗಳಿಗೆ ಎರಡು ಸಾವಿರ ಬಂದರೆ ಬಡವರ ಮನೆಯಲ್ಲಿ ಬಾಕಿ ಬಿದ್ದ ಖರ್ಚುಗಳೇ ಮುಂದೆ ಬಂದು ನಿಲ್ಲುತ್ತವೆ. ಎರಡನೆಯದು ಗಟ್ಟಿಯಾದದ್ದು. ಜನರನ್ನು ಕೆಲಸದಿಂದ ನಿಜವಾಗಿ ಹಿಂದಕ್ಕೆ ಎಳೆಯುವುದು ಅದು. ಗೃಹಲಕ್ಷ್ಮಿಯಲ್ಲಿ ಅದು ಹತ್ತಿರ ಹತ್ತಿರ ಇಲ್ಲವೇ ಇಲ್ಲ. ನೀವು ದುಡಿದರೂ 2,000, ದುಡಿಯದಿದ್ದರೂ 2,000. ಮನೆಯಾಕೆಯೋ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ ಮಾತ್ರ ಸಿಗುವುದಿಲ್ಲ. ಹಾಗಾಗಿ ಕೆಲಸಕ್ಕೆ ಹೋದರೆ ಕಳಕೊಳ್ಳುತ್ತೇನೆ ಎಂಬ ಹೆದರಿಕೆಗೆ ಜಾಗ ಇಲ್ಲ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಜೊತೆಗಾರರು ಆರು ದೇಶಗಳ ಏಳು ನಗದು ಯೋಜನೆಗಳ ಅಂಕಿಅಂಶ ಒಟ್ಟು ಹಾಕಿ ನೋಡಿದರು. ಮೆಕ್ಸಿಕೊ, ಹೊಂಡುರಾಸ್, ನಿಕರಾಗುವಾ, ಮೊರಾಕ್ಕೊ, ಇಂಡೊನೇಷ್ಯಾ, ಫಿಲಿಪ್ಪೀನ್ಸ್. ದುಡ್ಡು ಸಿಕ್ಕವರನ್ನೂ ಸಿಗದವರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಕೆಲಸ ಕಡಿಮೆಯಾದ ಲಕ್ಷಣ ಕಾಣಲಿಲ್ಲ. ನಮ್ಮ ದೇಶದಲ್ಲೇ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 2011ರ ಹೊತ್ತಿಗೆ ‘ಸೇವಾ’ (SEWA) ಎಂಬ ದುಡಿಯುವ ಹೆಂಗಸರ ಸಂಘದವರು ಎಲ್ಲರಿಗೂ ತಿಂಗಳು ತಿಂಗಳು ಸಣ್ಣ ಮೊತ್ತ ಕೊಟ್ಟು ನೋಡಿದ್ದರು. ಅಲ್ಲಿ ಜನ ಕೂಲಿ ಬಿಟ್ಟು ಕೂರಲಿಲ್ಲ. ಬೀಜ, ಗೊಬ್ಬರ, ಹೊಲಿಗೆ ಮಿಷಿನ್ ತೆಗೆದುಕೊಂಡು ಸ್ವಂತ ಕೆಲಸ ಜಾಸ್ತಿ ಮಾಡಿದರು.

ಆದರೆ ಎಲ್ಲ ಕಡೆಯೂ ಹೀಗೇ ಎಂದು ಹೇಳಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ. ಅಮೆರಿಕದಲ್ಲಿ ಇತ್ತೀಚೆಗೆ ಕಡಿಮೆ ಆದಾಯದವರಿಗೆ ತಿಂಗಳಿಗೆ 1,000 ಡಾಲರಿನಂತೆ ಮೂರು ವರ್ಷ ಕೊಟ್ಟು ನೋಡಿದರು. 2024ರಲ್ಲಿ ಅದರ ಫಲಿತಾಂಶ ಬಂತು. ದುಡ್ಡು ಪಡೆದವರು ವಾರಕ್ಕೆ ಸುಮಾರು ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ ಕಡಿಮೆ ದುಡಿದಿದ್ದರು. ಅಂದರೆ ಪರಿಣಾಮ ಇದೆ. ಮೊತ್ತ ದೊಡ್ಡದಾದರೆ, ಅದು ಬಹಳ ಕಾಲ ಬಂದರೆ, ಸ್ವಲ್ಪ ಕೆಲಸ ಇಳಿಯುತ್ತದೆ. ಕೆನಡಾದ ಡಾಫಿನ್ ಎಂಬ ಸಣ್ಣ ಪೇಟೆಯಲ್ಲಿ 1974ರಿಂದ ಇಂಥದ್ದೇ ಒಂದು ಪ್ರಯೋಗ ನಡೆದಿತ್ತು. ಅಲ್ಲಿ ಕೆಲಸ ಕಡಿಮೆ ಮಾಡಿದವರು ಮುಖ್ಯವಾಗಿ ಯಾರು? ಹಸಿಬಾಣಂತಿಯರು ಮತ್ತು ಶಾಲೆ ಬಿಡದೆ ಓದು ಮುಂದುವರಿಸಿದ ಹುಡುಗರು. ಅದೇ ಊರಲ್ಲಿ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ಶೇ. 8.5ರಷ್ಟು ಇಳಿಯಿತು. ಯಾರು ಕೆಲಸ ಬಿಟ್ಟರು, ಬಿಟ್ಟು ಏನು ಮಾಡಿದರು ಎಂದು ಕೇಳದೆ ‘ಕೆಲಸ ಕಡಿಮೆಯಾಯಿತು’ ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ.

ಅದಕ್ಕೆ ದಕ್ಷಿಣ ಆಫ್ರಿಕಾದ ಉದಾಹರಣೆ ಚೆನ್ನಾಗಿದೆ. ನಮ್ಮ ಊರಿಗೆ ಬಹಳ ಹತ್ತಿರವಾದ ಉದಾಹರಣೆ ಅದು. ಅಲ್ಲಿ ವಯಸ್ಸಾದವರಿಗೆ ಸರಕಾರ ಒಳ್ಳೆಯ ಮೊತ್ತದ ಪಿಂಚಣಿ ಕೊಡುತ್ತದೆ. ಅಜ್ಜಿಗೆ ಪಿಂಚಣಿ ಬರುವ ಮನೆಗಳಲ್ಲಿ ಪ್ರಾಯದವರು ಕಡಿಮೆ ದುಡಿಯುತ್ತಿದ್ದಾರೆ ಎಂದು ಮೊದಲ ಅಧ್ಯಯನ ಹೇಳಿತು. ಎಲ್ಲರೂ ನೋಡಿದಿರಾ, ಸೋಮಾರಿಗಳಾದರು ಎಂದರು. ಆಮೇಲೆ ಬೇರೆ ಸಂಶೋಧಕರು ಅದೇ ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮೊದಲನೆಯವರು ಎಣಿಸಿದ್ದು ಮನೆಯಲ್ಲಿ ಉಳಿದವರನ್ನು ಮಾತ್ರ. ಅಜ್ಜಿಗೆ ಪಿಂಚಣಿ ಬಂದ ಮೇಲೆ ಮೊಮ್ಮಕ್ಕಳನ್ನು ಅಜ್ಜಿ ನೋಡಿಕೊಳ್ಳುತ್ತಿದ್ದರು. ದಾರಿಖರ್ಚಿಗೂ ದುಡ್ಡಿತ್ತು. ಹಾಗಾಗಿ ತಾಯಂದಿರು, ಹುಡುಗರು ದೂರದ ಪೇಟೆಗೆ ಕೆಲಸಕ್ಕೆ ಹೋಗಿದ್ದರು. ಪಿಂಚಣಿಯಿಂದ ಕೆಲಸ ಜಾಸ್ತಿಯೇ ಆಗಿತ್ತು. ಅದು ಊರಲ್ಲಿ ಕಾಣುತ್ತಿರಲಿಲ್ಲ, ಅಷ್ಟೇ.

ಮುಂಬೈಗೆ, ಗಲ್ಫಿಗೆ ಮಕ್ಕಳನ್ನು ಕಳಿಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ತೋಟಕ್ಕೆ ಬರದವನು ಮನೆಯಲ್ಲಿ ಮಲಗಿದ್ದಾನೆ ಎಂದು ನೀವು ಹೇಗೆ ತಿಳಿದಿರಿ? ಒಮ್ಮೆ ವಿಚಾರಿಸಿ ನೋಡಿ. ನಮ್ಮ ಕಡೆ ತೋಟದ ಕೆಲಸ ಬಿಟ್ಟವರಲ್ಲಿ ಗಾರೆ ಕೆಲಸಕ್ಕೆ, ಪೈಂಟಿಂಗಿಗೆ, ಪೆಂಡಾಲಿಗೆ, ರಿಕ್ಷಾಕ್ಕೆ ಹೋದವರು ಬಹಳ ಮಂದಿ. ಅಲ್ಲಿ ಮರದಿಂದ ಬೀಳುವ ಭಯ ಇಲ್ಲ.

ಆಳು ಸಿಗದ ಕತೆ 2023ಕ್ಕೆ ಶುರುವಾದದ್ದೂ ಅಲ್ಲ ಅಲ್ವಾ? 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಅರ್ಜಿ ಹಾಕಿದ ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಕರೆದಾಗಲೆಲ್ಲ ಧನಿಯ ಗದ್ದೆಗೆ ಓಡಬೇಕಾದ ಕಟ್ಟು ಕಳಚಿತು. ಆ ಹೊತ್ತಿಗೂ ಇದೇ ಮಾತು ಕೇಳಿಬಂದಿತ್ತು: ಜನ ಕೆಲಸಕ್ಕೆ ಬರುವುದಿಲ್ಲ, ಕೊಬ್ಬಿದ್ದಾರೆ. ಅವರು ದುಡಿಯುತ್ತಿದ್ದದ್ದು ತಮ್ಮದೇ ಗದ್ದೆಯಲ್ಲಿ. ಆಮೇಲೆ ಶಾಲೆ ಬಂತು. 2011ರ ಜನಗಣತಿ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 88, ಉಡುಪಿಯಲ್ಲಿ 86 ಜನ ಓದು ಬರಹ ಬಲ್ಲವರು. ಪಿಯುಸಿ ಮುಗಿಸಿದ ಹುಡುಗ ಐವತ್ತು ಅಡಿಯ ಅಡಿಕೆ ಮರ ಹತ್ತಲು ಬರುವುದಿಲ್ಲ. ಅವನ ಅಪ್ಪನೇ ಕಳಿಸುವುದಿಲ್ಲ. ಬಿದ್ದು ಸೊಂಟ ಮುರಿದುಕೊಂಡು ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ಆ ಅಪ್ಪ ನೋಡಿದ್ದಾನೆ. ನೆಲದಲ್ಲೇ ನಿಂತು ಕೊಯ್ಯುವ ಉದ್ದನೆಯ ಫೈಬರ್ ದೋಟಿ ಬಂದದ್ದೇ ಈ ಕಾರಣಕ್ಕೆ.

ಮಲ್ಪೆಯ ಮೀನುಗಾರಿಕೆ ಬಂದರಿಗೆ ಹೋಗಿ ನೋಡಿ. ಅಥವಾ ಮಂಗಳೂರಿನ ದಕ್ಕೆಗೆ. ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡಿನವರು ಎಷ್ಟು ಜನ! ಗ್ಯಾರಂಟಿ ಬರುವ ಎಷ್ಟೋ ವರ್ಷ ಮೊದಲಿಂದ ಅವರು ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಊರಿಗೆ ಹೋಗುತ್ತಾರೆ. ಅವರ ಊರಲ್ಲೂ ಪುಕ್ಕಟೆ ಅಕ್ಕಿ ಇದೆ. ಆಹಾರ ಭದ್ರತಾ ಕಾಯ್ದೆಯ ಧಾನ್ಯ 2023ರ ಜನವರಿಯಿಂದ ಇಡೀ ದೇಶಕ್ಕೇ ಉಚಿತ. ಜಾರ್ಖಂಡ್‌ನಲ್ಲಿ 2024ರ ಕೊನೆಯಿಂದ ಹೆಂಗಸರ ಖಾತೆಗೆ ತಿಂಗಳಿಗೆ 2,500 ರೂಪಾಯಿ, ನಮ್ಮ ಗೃಹಲಕ್ಷ್ಮಿಗಿಂತ ಜಾಸ್ತಿ. ಸೋಮಾರಿತನಕ್ಕೆ ದುಡ್ಡೇ ಕಾರಣವಾಗಿದ್ದರೆ ಆಗಸ್ಟ್‌ನಲ್ಲಿ ಬೋಟಿಗೆ ಜನ ಹತ್ತುತ್ತಲೇ ಇರಲಿಲ್ಲ. ಹತ್ತುತ್ತಾರೆ. ಯಾಕೆಂದರೆ ಮನೆಯಲ್ಲಿ ಸಿಗುವುದು ಹೊಟ್ಟೆಗೆ ಆಸರೆ, ಇಲ್ಲಿ ಸಿಗುವುದು ಮನೆ ಕಟ್ಟುವ ದುಡ್ಡು.

ಇನ್ನು ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ. ಇದನ್ನು ಸೋಮಾರಿತನದ ಪಟ್ಟಿಗೆ ಸೇರಿಸುವುದೇ ತಪ್ಪು. ಬಸ್ಸಿನ ದುಡ್ಡು ಅಂದರೆ ಕೆಲಸಕ್ಕೆ ಹೋಗಲು ತೆರುವ ಸುಂಕ. ದಿನಕ್ಕೆ ಅರವತ್ತು ರೂಪಾಯಿ ಬಸ್ಸಿಗೆ ಹೋದರೆ, ಬಟ್ಟೆ ಅಂಗಡಿಯಲ್ಲಿ ನಿಲ್ಲುವ ಹುಡುಗಿಗೆ ತಿಂಗಳಿಗೆ ಒಂದೂವರೆ ಸಾವಿರ ಅಲ್ಲೇ ಮುಗಿಯುತ್ತದೆ. ಅದನ್ನು ತೆಗೆದರೆ ಕೆಲಸಕ್ಕೆ ಹೋಗುವುದು ಲಾಭವಾಗುತ್ತದೆ. ನನಗೆ ಬೇಸರ ಇರುವುದು ಬೇರೆ ಕಡೆ. ಶಕ್ತಿ ನಡೆಯುವುದು ಸರಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರು, ಉಡುಪಿಯಲ್ಲಿ ಸಿಟಿ ಬಸ್ಸಾಗಲಿ ಸರ್ವಿಸ್ ಬಸ್ಸಾಗಲಿ ಹೆಚ್ಚಿನವು ಖಾಸಗಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಆರು ಗಂಟೆಗೆ ಬಸ್ಸಿಗೆ ಕಾಯುವ ಹೆಂಗಸರಲ್ಲಿ ಹೆಚ್ಚಿನವರು ಈಗಲೂ ಟಿಕೆಟಿಗೆ ದುಡ್ಡು ಕೊಟ್ಟೇ ಮನೆಗೆ ಹೋಗುತ್ತಾರೆ. ಮೈಸೂರಿನ, ಹಾಸನದ ಹೆಂಗಸಿಗೆ ಸಿಕ್ಕಷ್ಟು ಈ ಯೋಜನೆ ನಮ್ಮವರಿಗೆ ಸಿಗಲಿಲ್ಲ.

ಉದ್ಯೋಗ ಖಾತ್ರಿಯ ಬಗ್ಗೆಯೂ ಒಂದು ಮಾತು. 2005ರ ಕಾಯ್ದೆಯಿಂದ ಶುರುವಾದದ್ದು ಅದು. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ನಮ್ಮ ಕಡೆ ಆ ಮಜೂರಿಗೆ ಗಂಡಾಳು ಬರುವುದಿಲ್ಲ ಎಂದು ನಿಮಗೆ ಗೊತ್ತು. ಅದಕ್ಕೇ ಇಲ್ಲಿ ಖಾತ್ರಿಯಲ್ಲಿ ಆದದ್ದು ಹೆಚ್ಚಾಗಿ ಸ್ವಂತ ಜಾಗದ ಬಾವಿ, ದನದ ಹಟ್ಟಿ, ಅಡಿಕೆ ಗುಂಡಿ. ಆಂಧ್ರದಲ್ಲಿ ಇದರ ಬಗ್ಗೆ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರ ದೊಡ್ಡ ಅಧ್ಯಯನ ಇದೆ. ಸ್ಮಾರ್ಟ್‌ಕಾರ್ಡ್ ಮೂಲಕ ಕೂಲಿ ಸೋರಿಕೆ ಇಲ್ಲದೆ ಸರಿಯಾಗಿ ತಲುಪಿದ ಮಂಡಲಗಳಲ್ಲಿ ಖಾಸಗಿ ಕೂಲಿ ದರ ಏರಿತು. ಕೂಲಿ ಏರಿದರೆ ರೈತರು ಆಳು ಕರೆಯುವುದು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಖಾಸಗಿ ಕೆಲಸವೂ ಜಾಸ್ತಿಯಾಯಿತು.

ಇಲ್ಲಿ ನಾನು ನಿಮ್ಮ ಹತ್ತಿರ ಒಂದು ಮಾತು ನೇರವಾಗಿ ಹೇಳಬೇಕು. ಸವಲತ್ತಿನಿಂದ ಒಂದು ಬದಲಾವಣೆ ಖಂಡಿತ ಆಗುತ್ತದೆ. ನಾಳೆ ಅಕ್ಕಿಗೆ ಏನು ಮಾಡಲಿ ಎಂಬ ಚಿಂತೆ ಇಲ್ಲದವನು ಯಾವ ಕೆಲಸಕ್ಕೆ ಹೋಗಬೇಕು, ಯಾವುದು ಬೇಡ ಎಂದು ಆರಿಸಿಕೊಳ್ಳುತ್ತಾನೆ. ಜ್ವರ ಇದ್ದರೆ ಮನೆಯಲ್ಲಿ ಉಳಿಯುತ್ತಾನೆ. ಬೈಯುವ ಯಜಮಾನನ ಕಡೆ ಹೋಗುವುದಿಲ್ಲ. ಕೆಲಸ ಕೊಡುವವರ ಜಗಲಿಯಿಂದ ನೋಡಿದರೆ ಇದು ಸೋಮಾರಿತನದ ಹಾಗೆಯೇ ಕಾಣುತ್ತದೆ. ನನಗೆ ಇದು ಒಳ್ಳೆಯದೆಂದೇ ತೋರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮಗೂ ಸವಲತ್ತು ಬರುತ್ತದೆ ನೋಡಿ. ಹತ್ತು ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ. ಕಿಸಾನ್ ಸಮ್ಮಾನಿನ ವರ್ಷದ 6,000 ರೂಪಾಯಿ. ಸಹಕಾರಿ ಸಂಘದಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ. ಹೊರದೇಶದ ಅಡಿಕೆ ಕಡಿಮೆ ಬೆಲೆಗೆ ಒಳಗೆ ಬರದ ಹಾಗೆ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದೂ ನಮ್ಮ ರಕ್ಷಣೆಗೇ. ಇದರಿಂದ ಅಡಿಕೆ ಬೆಳೆಗಾರ ತೋಟ ಬಿಟ್ಟು ಮಲಗಿದ್ದಾನೆಯೇ? ಇಲ್ಲ. ಧೈರ್ಯವಾಗಿ ಇನ್ನೊಂದು ಎಕರೆ ಗಿಡ ಇಟ್ಟ. ಬಡವರ ಮನೆಯಲ್ಲೂ ದುಡ್ಡು ಮಾಡುವ ಕೆಲಸ ಇದೇ.

ಗ್ಯಾರಂಟಿಗಳ ಮೇಲೆ ಕೇಳಬೇಕಾದ ಗಟ್ಟಿ ಪ್ರಶ್ನೆ ಇದೆ. ಅದು ಖರ್ಚಿನದ್ದು. ಐದೂ ಸೇರಿ ರಾಜ್ಯ ಬಜೆಟ್‌ನಲ್ಲಿ ವರ್ಷಕ್ಕೆ 50,000 ಕೋಟಿ ದಾಟುತ್ತದೆ. ಆ ದುಡ್ಡಿನಲ್ಲಿ ಎಷ್ಟು ಆಸ್ಪತ್ರೆ, ಎಷ್ಟು ರಸ್ತೆ, ಎಷ್ಟು ಮೇಷ್ಟ್ರುಗಳು ಆಗುತ್ತಿದ್ದರು ಎಂದು ಕೇಳುವುದು ನ್ಯಾಯ. ಜನ ಸೋಮಾರಿಗಳಾದರು ಎಂಬ ಮಾತು ಈ ಪ್ರಶ್ನೆಯನ್ನು ಬದಿಗೆ ತಳ್ಳುತ್ತದೆ.

ಈಗ ನಿಮ್ಮ ಮನೆಗೆಲಸದ ಹೆಂಗಸಿನ ವಿಷಯ. ಸಂಬಳ ಕೈಯಲ್ಲೇ ಕೊಡಿ ಎಂದರಲ್ಲ, ಅಲ್ಲಿದೆ ನಿಜವಾದ ತೊಂದರೆ. ಸರಕಾರದ ಸವಲತ್ತು ಕೆಲಸಕ್ಕೆ ಅಡ್ಡಿ ಬರುವುದು ಕೊಡುವ ಜಾಗದಲ್ಲಲ್ಲ, ಕಡಿದು ಹಾಕುವ ಜಾಗದಲ್ಲಿ.

ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1.2 ಲಕ್ಷ ಮೀರಬಾರದು ಎಂದಿದೆ. ತಿಂಗಳಿಗೆ 10,000. ಮನೆಯಲ್ಲಿ ಒಬ್ಬರು ಖಾತ್ರಿಯ 370 ರೂಪಾಯಿ ದರದಲ್ಲೇ ತಿಂಗಳಿಗೆ 26 ದಿನ ದುಡಿದರೂ 9,620 ಆಗುತ್ತದೆ. ಇಬ್ಬರು ದುಡಿದರೆ ಗೆರೆ ಎಲ್ಲೋ ಹಿಂದೆ ಉಳಿಯುತ್ತದೆ. ಬೆಲೆ ಏರಿದ ಹಾಗೆ ಈ ಗೆರೆ ಏರಿಲ್ಲ. ಈಗ 1,19,000 ಆದಾಯದ ಒಂದು ಮನೆ ನೋಡಿ. ಆ ಹೆಂಗಸಿಗೆ ಯಾರೋ ವರ್ಷಕ್ಕೆ 2,000 ಸಂಬಳ ಜಾಸ್ತಿ ಮಾಡಿದರು, 1,21,000 ಆಯಿತು. ಕಾರ್ಡು ಹೋದರೆ? ತಲೆಗೆ ಒಟ್ಟು ಹತ್ತು ಕಿಲೋದ ಲೆಕ್ಕದಲ್ಲಿ ನಾಲ್ವರಿಗೆ ತಿಂಗಳಿಗೆ 40 ಕಿಲೋ ಅಕ್ಕಿ ಹೋಯಿತು. 34ರ ದರದಲ್ಲಿ ವರ್ಷಕ್ಕೆ 16,320 ರೂಪಾಯಿ. ಅದು ಸಣ್ಣ ನಷ್ಟ. ದೊಡ್ಡದು ಆಸ್ಪತ್ರೆಯದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಗಂಡನಿಗೆ ಹೃದಯದ ಆಪರೇಷನ್ ಆಗಬೇಕಾಗಿ ಬಂದರೆ ಉಳಿದ ಶೇ. 70ನ್ನು ಅವರೇ ಹೊಂದಿಸಬೇಕು. ಎರಡು ಸಾವಿರಕ್ಕಾಗಿ ಯಾರು ಇದನ್ನು ಪಣಕ್ಕಿಡುತ್ತಾರೆ?

ಹಾಗೆಂದು ಅವರು ಕೆಲಸ ಬಿಟ್ಟರೇ? ನಿಮ್ಮ ಪತ್ರದಲ್ಲೇ ಇದೆ ಉತ್ತರ. ಬಿಡಲಿಲ್ಲ. ದಿನಾ ಬಂದು ಪಾತ್ರೆ ತೊಳೆಯುತ್ತಾರೆ, ಅಂಗಳ ಗುಡಿಸುತ್ತಾರೆ. ದುಡಿಮೆಯನ್ನು ಕಾಗದದಿಂದ ಮರೆ ಮಾಡುತ್ತಾರೆ, ಅಷ್ಟೇ. ಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡುವ ಎಷ್ಟೋ ಹೆಂಗಸರು ಪಿಎಫ್ ಬೇಡ, ಇಎಸ್‌ಐ ಬೇಡ, ಸಂಬಳದ ಚೀಟಿ ಬೇಡ ಎನ್ನುವುದು ಇದಕ್ಕೇ. ಮಾಲೀಕರಿಗೂ ಅದೇ ಬೇಕು, ಅವರ ಪಾಲು ಉಳಿಯುತ್ತದೆ. ಇಪ್ಪತ್ತು ವರ್ಷ ದುಡಿದ ಹೆಂಗಸಿನ ಕೈಯಲ್ಲಿ ಕೊನೆಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಕೆಲಸ ಮಾಡಿದ್ದಕ್ಕೆ ಒಂದು ದಾಖಲೆ ಇಲ್ಲ. ನಮ್ಮಲ್ಲಿ ಬೀಡಿ ಕಟ್ಟಿದ ಹೆಂಗಸರನ್ನು ನೋಡಿ. ಕೂಲಿ ಕಡಿಮೆ, ಬೆನ್ನು ನೋವು, ತಂಬಾಕಿನ ಧೂಳು, ಎಲ್ಲ ನಿಜ. ಆದರೆ ಬೀಡಿ ಕಂಪನಿಯ ಬ್ರಾಂಚಿನ ಪುಸ್ತಕದಲ್ಲಿ ಹೆಸರಿದ್ದವರಿಗೆ ಪಿಎಫ್ ಇತ್ತು. ಆ ದುಡ್ಡಿನಲ್ಲಿ ಮಗಳ ಮದುವೆ ಆಗಿದೆ, ಮನೆಗೆ ಹಂಚು ಬಿದ್ದಿದೆ. ಅವರ ಮಗಳು ಪೇಟೆಯ ಅಂಗಡಿಗೆ ಹೋಗುತ್ತಾಳೆ, ಅಮ್ಮನಿಗಿಂತ ಜಾಸ್ತಿ ಸಂಬಳ. ಆದರೆ ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನನಗೆ ನಿದ್ದೆಗೆಡಿಸುವುದು ಇದು.

ನಿಮ್ಮ ಮನೆಗೆ ಬರುವಾಕೆಯ ಹೆದರಿಕೆ ಆಧಾರ ಇಲ್ಲದ್ದೂ ಅಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡು ರದ್ದತಿಯ ಗದ್ದಲ ಆಯಿತಲ್ಲ, ಆಗ ಎಲ್ಲ ಮನೆಗಳಲ್ಲಿ ಅದೇ ಮಾತು. ಬ್ಯಾಂಕ್ ಸಾಲ ಸಿಗಲಿ ಎಂದು ಆದಾಯ ತೆರಿಗೆ ರಿಟರ್ನ್ ಹಾಕಿದವರೂ ಪೇಚಿಗೆ ಸಿಕ್ಕರು. ಒಂದು ರೂಪಾಯಿ ತೆರಿಗೆ ಬೀಳದಿದ್ದರೂ ಹೆಸರು ಪಟ್ಟಿಯಲ್ಲಿ ಬಂತು. ಆಮೇಲೆ ಸರಕಾರ ಹಿಂದೆ ಸರಿದು ಕಾರ್ಡು ವಾಪಸ್ ಕೊಟ್ಟಿತು. ಆದರೆ ಕಾಗದದಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಎಂಬ ಪಾಠವನ್ನು ಜನ ಕಲಿತಾಗಿತ್ತು.

ಗೃಹಜ್ಯೋತಿಯಲ್ಲೂ ಇಂಥದ್ದೇ ಒಂದು ಗೆರೆ ಇದೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟು ಯೂನಿಟ್ ಉಚಿತ. ಅದು ದಾಟಿದರೆ ದಾಟಿದ್ದಕ್ಕೆ ಮಾತ್ರ ದುಡ್ಡು. ಇದು ಸರಿಯಾದ ಕ್ರಮ. ಆದರೆ ಒಟ್ಟು 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಹೋಟೆಲಿಗೆ ಕೊಡುವ ಹೆಂಗಸನ್ನು ಯೋಚಿಸಿ. ತಿಂಗಳ ಕೊನೆಗೆ ಮೀಟರು 195ಕ್ಕೆ ಬಂದಿದೆ. ನಾಳೆ ಮದುವೆಯ ಆರ್ಡರು ಇದೆ. ಗ್ರೈಂಡರ್ ಹಾಕಿದರೆ ಆ ಆರು ಯೂನಿಟ್ಟಿಗೆ ಇಡೀ ತಿಂಗಳ ಬಿಲ್ಲು ಬರುತ್ತದೆ. ಆರ್ಡರು ಬೇಡ ಎಂದರೆ ಅವಳನ್ನು ಸೋಮಾರಿ ಎನ್ನೋಣವೇ? ತಪ್ಪು ಗೆರೆ ಎಳೆದವರದ್ದು.

ಬೇರೆ ದೇಶದಲ್ಲಿ ಇದಕ್ಕೆ ದಾರಿ ಹುಡುಕಿದ್ದಾರೆ. ಬ್ರಿಟನ್ನಿನಲ್ಲಿ ದುಡಿಮೆ ಒಂದು ಪೌಂಡ್ ಏರಿದರೆ ಸವಲತ್ತು 55 ಪೆನ್ಸ್ ಇಳಿಯುತ್ತದೆ, 45 ಕೈಯಲ್ಲಿ ಉಳಿಯುತ್ತದೆ. ಮೊದಲು 63 ಇಳಿಯುತ್ತಿತ್ತು, ಅದು ಜಾಸ್ತಿಯಾಯಿತೆಂದು 2021ರಲ್ಲಿ ಕಡಿಮೆ ಮಾಡಿದರು. ಅಮೆರಿಕದಲ್ಲಿ 1975ರಿಂದ ಒಂದು ಪದ್ಧತಿ ಇದೆ. ಕಡಿಮೆ ಸಂಬಳದವರು ದುಡಿದಷ್ಟೂ ಸರಕಾರ ಒಂದು ಮಿತಿಯವರೆಗೆ ಮೇಲಿಂದ ಸೇರಿಸಿ ಕೊಡುತ್ತದೆ. ನಮ್ಮಲ್ಲಿ ಅದನ್ನು ಹಾಗೇ ತರುವುದು ಕಷ್ಟ. ಸಂಬಳದ ಲೆಕ್ಕವೇ ಇಲ್ಲದ ಕಡೆ ಸವಲತ್ತನ್ನು ಹೀಗೆ ಸ್ವಲ್ಪ ಸ್ವಲ್ಪವೇ ಇಳಿಸುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ನಮಗೆ ಹೊಂದುವುದು ಎರಡು. ಅಕ್ಕಿ ಮತ್ತು ಆಸ್ಪತ್ರೆಯನ್ನು ಆದಾಯದ ಗೆರೆಯಿಂದ ಬಿಡಿಸುವುದು ಒಂದು. ತಮಿಳುನಾಡಿನಲ್ಲಿ ರೇಷನ್ ಅಕ್ಕಿಗೆ ಬಡವ, ಶ್ರೀಮಂತ ಎಂಬ ಗೆರೆ ಇಲ್ಲ. ದೇಶದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಇರುವುದೂ ಅದೇ ರಾಜ್ಯದಲ್ಲಿ. ಪುಕ್ಕಟೆ ಅಕ್ಕಿ ಅವರನ್ನು ಮನೆಯಲ್ಲಿ ಕೂರಿಸಲಿಲ್ಲ. ಇನ್ನೊಂದು, ಆದಾಯ ಏರಿದವರಿಗೆ ಸಮಯ ಕೊಡುವುದು. ಗೆರೆ ದಾಟಿದ ಮೇಲೂ ಮೂರು ವರ್ಷ ಆಸ್ಪತ್ರೆ ಕಾರ್ಡು ಉಳಿಯುತ್ತದೆ ಎಂದು ಬರೆದು ಕೊಟ್ಟರೆ ಜನ ಧೈರ್ಯವಾಗಿ ಸಂಬಳದ ಚೀಟಿ ಕೇಳುತ್ತಾರೆ.

ಯುವನಿಧಿಯನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ, ಕೆಲಸ ಸಿಕ್ಕಿದರೆ ನಿಲ್ಲುತ್ತದೆ. ಕೆಲಸ ಸಿಕ್ಕಿದರೆ ನಿಲ್ಲುವ ಯೋಜನೆಗೆ ಸಿದ್ಧಾಂತದ ಪ್ರಕಾರ ತೊಂದರೆ ಇದ್ದೇ ಇದೆ. ಆದರೆ ಮೊತ್ತ ಸಣ್ಣದು, ಅವಧಿಯೂ ಚಿಕ್ಕದು. 3,000 ಬಿಡಬಾರದೆಂದು 15,000ದ ಕೆಲಸ ಬಿಡುವವರು ಇಲ್ಲ.

ನಿಮ್ಮ ತೋಟಕ್ಕೆ ಏನು ಮಾಡಬಹುದು? ಒಬ್ಬೊಬ್ಬರೇ ಫೋನು ಮಾಡುವುದನ್ನು ಬಿಟ್ಟು ಹತ್ತಿರದ ಎಂಟು ಹತ್ತು ತೋಟದವರು ಸೇರಿ ಇಬ್ಬರು ಮೂವರು ಕೊನೆಗಾರರಿಗೆ (ಮರ ಹತ್ತಿ ಅಡಿಕೆ ಕೊಯ್ಯುವವರಿಗೆ) ಇಡೀ ಹಂಗಾಮಿನ ಕೆಲಸ ಗೊತ್ತು ಮಾಡಿ. ದಿನ ಮೊದಲೇ ನಿಗದಿಯಾಗಲಿ. ಹದಿನೈದು ದಿನಕ್ಕೊಮ್ಮೆ ಎಲ್ಲಿಗೋ ಒಂದು ದಿನ ಎನ್ನುವವನಿಗಿಂತ ಮೂರು ತಿಂಗಳು ಕೆಲಸ ಖಾತ್ರಿ ಇದೆ ಎನ್ನುವವನು ನಂಬಿಕೆಯಿಂದ ಬರುತ್ತಾನೆ. ಅವರಿಗೆ ವಿಮೆ ಮಾಡಿಸಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ ಬರೀ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ ಎರಡು ಲಕ್ಷ ಸಿಗುತ್ತದೆ. ಅದು ಸಾಲದು, ಹಾಗಾಗಿ ಮೇಲಿಂದ ಇನ್ನೊಂದು ಅಪಘಾತ ವಿಮೆಯನ್ನೂ ನೀವು ತೋಟದವರೇ ಸೇರಿ ಕಟ್ಟಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಅದನ್ನೂ ವಿಚಾರಿಸಿ.

ಮನೆಗೆಲಸದವರಿಗೆ ಸಂಬಳ ಬ್ಯಾಂಕಿಗೇ ಹಾಕುತ್ತೇನೆ ಎಂದು ಒತ್ತಾಯ ಮಾಡಬೇಡಿ. ಕೈಯಲ್ಲೇ ಕೊಡಿ. ಆದರೆ ಒಂದು ಪುಸ್ತಕದಲ್ಲಿ ತಿಂಗಳು ತಿಂಗಳು ಬರೆದು ಇಬ್ಬರೂ ರುಜು ಹಾಕಿ. ಅವರಿಗೆ 18ರಿಂದ 40ರೊಳಗೆ ಪ್ರಾಯ ಇದ್ದರೆ ಶ್ರಮ ಯೋಗಿ ಮಾನಧನ್ ಯೋಜನೆಗೆ ಸೇರಿಸಿ. ತಿಂಗಳ ಆದಾಯ 15,000ದವರೆಗೆ ಇರುವ ಅಸಂಘಟಿತ ಕೆಲಸಗಾರರಿಗೆ ಇರುವುದು ಅದು. ಪ್ರಾಯಕ್ಕೆ ತಕ್ಕ ಹಾಗೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಕೇಂದ್ರ ಸರಕಾರ ಅಷ್ಟೇ ಸೇರಿಸುತ್ತದೆ, 60 ಆದ ಮೇಲೆ ತಿಂಗಳಿಗೆ 3,000 ಪಿಂಚಣಿ. ಆ ಕಂತನ್ನು ಸಂಬಳದಿಂದ ಹಿಡಿಯಬೇಡಿ, ನೀವೇ ಕೊಡಿ. ಆಧಾರ್ ಮತ್ತು ಗೃಹಲಕ್ಷ್ಮಿಯ ದುಡ್ಡು ಬರುವ ಪಾಸ್‌ಪುಸ್ತಕ ಹಿಡಿದುಕೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಹೆಸರು ಸೇರಿಸುತ್ತಾರೆ. ಬಿಡುವು ಮಾಡಿಕೊಂಡು ನೀವೂ ಜೊತೆಗೆ ಹೋಗಿ.